ಬೋರೆ ರಂಗಪ್ಪನ ಗಂಬಕ್ಕೆ ತುಳಸಿ

ಬೋರೆ ರಂಗಪ್ಪನ ಗುಡಿ ಮುಂದೆ ಒಂದು ಕಲ್ಲುಗಂಬ ಇದೆ. ಶ್ರಾವಣದ ಕೊನೇ ಶನಿವಾರ ಆ ಗಂಬಕ್ಕೆ ತುಳಸಿಹಾರ ಹಾಕುವುದು ಚನ್ನಪ್ಪನ ಮನೆಯವರ ಸೇವೆ. ಹಾಕುವುದೆಂದರೆ ಬುಡಕ್ಕಲ್ಲ, ತುದಿಯ ಕಳಶಕ್ಕೆ. ಗಂಬ ಎಳೇ ತೆಂಗಿನಮರದಷ್ಟು ಎತ್ತರ. ಮೈಯ ಒಂದು ಕಡೆ ಬಡಿದಿರುವ ಕಬ್ಬಿಣದ ಗೂಟಗಳೇ ಅದಕ್ಕೆ ಮೆಟ್ಟಿಲು. ಸೇವೆಯವರು ಬೆಳಗಿನಿಂದ ಉಪವಾಸ ಇದ್ದು, ಕಚ್ಚೆ ಬಿಗಿದು, ಬಾಳೆಲೆಯಲ್ಲಿ ಸುತ್ತಿದ ಹಾರವನ್ನು ತಲೆಯ ರುಮಾಲಿಗೆ ಸಿಕ್ಕಿಸಿಕೊಂಡು ಹತ್ತಬೇಕು. ಹಾರ ಕಳಶದ ಕೊರಳಿಗೆ ಕೂತ ಮೇಲೇ ಊರಿಗೆ ಊಟ.

ಇದಕ್ಕೊಂದು ಕಟ್ಟು ಉಂಟು. ಹಾರ ಹಾಕುವುದು ಆ ಮನೆಯವರ ಕೈಯೇ ಆಗಿರಬೇಕು. ಆಳಿನ ಕೈ ನಡೆಯದು, ನೆಂಟರ ಕೈ ನಡೆಯದು. ಹಿಂದೆ ಈ ಸೇವೆ ಇದ್ದದ್ದು ಊರ ಯಜಮಾನ ದೇವಯ್ಯನ ಮನೆಯಲ್ಲಿ. ದೇವಯ್ಯನ ತಾತ ಒಂದು ವರ್ಷ ಜ್ವರದ ನೆಪ ಹೇಳಿ, ತೆಂಗಿನಕಾಯಿ ಕೀಳುವ ಆಳನ್ನು ಗಂಬ ಹತ್ತಿಸಿದ. ಹಾರವೇನೋ ಕೂತಿತು. ಸೇವೆ ಮಾತ್ರ ಆ ಮನೆಯ ಹೊಸಿಲು ದಾಟಿ ಚನ್ನಪ್ಪನ ತಾತನ ಮನೆಗೆ ನಡೆದುಬಂತು. ಅಂದಿನಿಂದ ದೇವಯ್ಯನ ಮನೆಯವರು ಗಂಬದ ಕೆಳಗೆ ನಿಂತು ಕತ್ತೆತ್ತಿ ನೋಡುತ್ತಲೇ ಬಂದಿದ್ದಾರೆ. ಹೊಟ್ಟೆಕಿಚ್ಚಿನಿಂದಲ್ಲ. ತಮಗೆ ಬಿಗಿದ ಕಟ್ಟು ಬೇರೆಯವರಿಗೆ ಸಡಿಲವಾಗಬಾರದು ಎಂಬ ನಿಷ್ಠುರದಿಂದ.

ಈ ವರ್ಷ ಆಷಾಢದ ಜಡಿಮಳೆಯಲ್ಲಿ ಚನ್ನಪ್ಪ ತೋಟದ ಕಾಲುವೆಯ ಪಾಚಿಗೆ ಕಾಲಿಟ್ಟು ಜಾರಿದ. ಹಾಸನದಲ್ಲಿ ಸೊಂಟಕ್ಕೆ ಆಪರೇಷನ್ ಆಗಿ, ವಾಕರ್ ಹಿಡಿದುಕೊಂಡು ಮನೆಗೆ ಬಂದ. ನೋವಿನ ಮಾತು ಒಂದೂ ಆಡಲಿಲ್ಲ. ಮಂಚದ ಮೇಲೆ ಕೂತು, ಬಾಗಿಲ ಆಚೆ ಕಾಣುವ ಬೋರೆಯ ಗುಡ್ಡವನ್ನು ನೋಡುತ್ತಾ, "ಗಂಬದ್ದು ಎಂಗೆ ಮಾಡಾದು ಮಗಾ" ಅಂದ.

ಕೇಳಿದ್ದು ಮಗಳು ಆಶಾರಾಣಿಯನ್ನು. ಚನ್ನಪ್ಪ ಮತ್ತು ಲಕ್ಕಮ್ಮನಿಗೆ ಅವಳೊಬ್ಬಳೇ ಮಗಳು. ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದೆ ಗಂಡ ರಜನೀಶನ ಜೊತೆ ಫೋಟೊ ಸ್ಟುಡಿಯೋ ನಡೆಸುತ್ತಾಳೆ. ಮಾತು ಕಡಿಮೆ. ಚಿಕ್ಕಂದಿನಲ್ಲಿ ದಿನಾ ದೀಪ ಹಚ್ಚಿದ ಮೇಲೆ ಚನ್ನಪ್ಪ ಜಗಲಿಯಲ್ಲಿ ಕೂತು, ತನ್ನ ಅಪ್ಪನಿಂದ ಬಾಯಿಪಾಠವಾಗಿ ಬಂದ ಪದ್ಯಗಳನ್ನು ರಾಗವಾಗಿ ಓದುತ್ತಿದ್ದ. ಅವಳು ಅವನ ತೊಡೆಗೆ ತಲೆ ಕೊಟ್ಟು ಕೇಳುತ್ತಿದ್ದಳು. ಅರ್ಥ ಕೇಳಿದವಳಲ್ಲ, ತಾನೂ ಹಾಡುತ್ತೇನೆ ಅಂದವಳಲ್ಲ. ಕೇಳಿದಳು, ಅಷ್ಟೆ. ಕೇಳಿ ಕೇಳಿ ಬೆಳೆದವರಿಗೆ ಒಂದು ಗುಣ ಬಂದುಬಿಡುತ್ತದೆ: ದನಿ ಎಲ್ಲಿ ತಿರುಗುತ್ತದೆ ಎಂಬುದು ತಿರುಗುವ ಮೊದಲೇ ಕಿವಿಗೆ ಗೊತ್ತಾಗುತ್ತದೆ.

ಸೇವೆ ಮನೆ ಬಿಟ್ಟು ಹೋಗುತ್ತದಲ್ಲ ಎಂದು ಅವಳೇ ಗಂಬ ಹತ್ತಲು ಹೋದಳು. ಚೂಡಿದಾರ್ ತೊಟ್ಟು, ಯಾರೂ ಇಲ್ಲದ ಹೊತ್ತು ನೋಡಿಕೊಂಡು. ನಾಲ್ಕು ಗೂಟ ಹತ್ತಿ ಕೆಳಗೆ ನೋಡಿದವಳು ಗಂಬವನ್ನು ತಬ್ಬಿ ನಿಂತುಬಿಟ್ಟಳು. ಕೆಳಗೆ ನಿಂತಿದ್ದ ರಜನೀಶ ಕೈ ಚಾಚಿ ಇಳಿಸಿಕೊಂಡ.

"ನಾನು ಹತ್ತಿಬಿಡ್ತಿದ್ದೆ ಕಣೇ. ಆದ್ರೆ ನಾನು ಅರಕಲಗೂಡಿನೋನು, ನೆಂಟ. ನನ್ನ ಕೈ ಊಟಕ್ಕೆ ಮಾತ್ರ ನಡೆಯುತ್ತೆ ನಿಮ್ಮೂರಲ್ಲಿ" ಅಂದ.

ಆಗ ಹೊಳೆದದ್ದು ಡ್ರೋನು. ಮದುವೆ ಮನೆಗಳ ಚಿತ್ರ ತೆಗೆಯಲಿಕ್ಕೆಂದು ರಜನೀಶ ಯಾರಿಂದಲೋ ಹಳೆಯದೊಂದನ್ನು ತಂದಿದ್ದ. ಅದು ಅವನಿಗಿಂತ ಅವಳ ಕೈಗೆ ಒಗ್ಗಿತು. ಸ್ಟುಡಿಯೋಗೆ ಬಿಡುವಿದ್ದಾಗ ಊರಿಗೆ ಬಂದು, ಚಿತ್ರ ಗಿತ್ರ ಯಾವುದರ ಹಂಗೂ ಇಲ್ಲದೆ, ಸುಮ್ಮನೆ ಹಾರಿಸುವುದು ಅವಳ ಹುಚ್ಚು. ಕಿರುಬೆರಳಿನಷ್ಟು ತಂತಿ ಕೊಕ್ಕೆಗೆ ಹಾರ ನೇತುಹಾಕಿ, ಮೇಲಕ್ಕೊಯ್ದು ಕಳಶಕ್ಕೆ ಇಳಿಸಿದರೆ ಆಯಿತಲ್ಲ.

ಶ್ರಾವಣದ ಮೊದಲ ಶನಿವಾರ ಇಬ್ಬರೂ ಅದನ್ನು ಬೋರೆಗೆ ತಂದರು. ಬೋರೆ ಎಂದರೆ ಬರೀ ಬಂಡೆ, ಗಿಡಮರ ಇಲ್ಲದ ಬೋಳು ನೆತ್ತಿ. ಪೂಜೆಗೆ ಬಂದವರು ಸುತ್ತ ನೆರೆದರು. ಯಜಮಾನ ದೇವಯ್ಯ ಕೋಲೂರಿಕೊಂಡು ಮುಂದೆ ನಿಂತ. ಪೂಜಾರಿ ರಾಮಣ್ಣ ತೀರ್ಥದ ಬಟ್ಟಲು ಹಿಡಿದೇ ಆಚೆ ಬಂದ. ಡ್ರೋನ್ ಬುರ್ರೆಂದು ಎದ್ದು, ಅಂಗಳದ ಮೇಲೆ ಒಂದು ಎತ್ತರದಲ್ಲಿ ಮೊಳೆ ಹೊಡೆದ ಹಾಗೆ ನಿಂತಿತು.

"ನೋಡಿ ಮಾವ" ಎಂದು ಆಶಾರಾಣಿ ರಿಮೋಟನ್ನು ಕೊರಳ ಪಟ್ಟಿಗೆ ಬಿಟ್ಟು ಎರಡೂ ಕೈಗಳನ್ನು ಅಗಲಿಸಿ ತೋರಿಸಿದಳು. ಅವಳ ಜನ್ಮದಲ್ಲಿ ಜಂಬಪಟ್ಟದ್ದು ಅದೊಂದು ಸಲ ಇರಬೇಕು. "ಕೈ ಬಿಟ್ರೂ ನಿಂತಿರುತ್ತೆ. ಏನೂ ಭಯ ಇಲ್ಲ."

ದೇವಯ್ಯ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. "ಕೈ ಬಿಟ್ರೂ ನಿಂತ್ಕತದಾ?"

"ನಿಂತ್ಕೊಳ್ಳುತ್ತೆ ಮಾವ."

"ಅಂಗಾರೆ ಯಾರು ಇಡ್ಕಂಡವ್ರೆ ಅದನ್ನ?"

"ಮೇಲೆ ಉಪಗ್ರಹಗಳಿದಾವಲ್ಲ, ಜಿಪಿಎಸ್ಸು. ಅವು ಜಾಗ ಹೇಳ್ತಾ ಇರ್ತಾವೆ. ಇದು ಆ ಜಾಗದಲ್ಲೇ ನಿಂತಿರುತ್ತೆ."

"ಓ" ಅಂದ ದೇವಯ್ಯ. "ಗಂಬದ ತಾಕೆ ತಗಂಡೋಗು, ನೋಡಾವ."

ತೆಗೆದುಕೊಂಡು ಹೋದಳು. ಗಂಬಕ್ಕೆ ಎಂದೋ ಸಿಡಿಲು ಬಡಿದು ಬಿರುಕು ಬಿಟ್ಟಿದ್ದಾಗ ಮೇಲುಗಡೆ ದಪ್ಪ ಕಬ್ಬಿಣದ ಪಟ್ಟಿಗಳನ್ನು ಬಿಗಿಸಿದ್ದರು. ಡ್ರೋನಿನ ಹೊಟ್ಟೆಯಲ್ಲಿ ಒಂದು ದಿಕ್ಸೂಚಿ ಇರುತ್ತದೆ. ಕಬ್ಬಿಣ ಹತ್ತಿರವಾದರೆ ಅದಕ್ಕೆ ದಿಕ್ಕು ತಪ್ಪುತ್ತದೆ. ಆಗ ಉಪಗ್ರಹ ಹೇಳಿದ ಜಾಗವನ್ನು ಹುಡುಕಿಕೊಂಡು ಅದು ಸುತ್ತತೊಡಗುತ್ತದೆ, ಹುಡುಕಿದಷ್ಟೂ ಸುತ್ತು ದೊಡ್ಡದಾಗುತ್ತದೆ. ಹಾಗೇ ಆಯಿತು. ಡ್ರೋನ್ ಗಂಬವನ್ನು ಬಲಕ್ಕೆ ಹಾಕಿಕೊಂಡು ಒಂದು ಸುತ್ತು ಬಂತು. ಇನ್ನೊಂದು ಬಂತು.

"ನೋಡ್ರಲಾ, ಪ್ರದಕ್ಷಿಣೆ ಆಕ್ತಾ ಐತೆ" ಎಂದು ಯಾರೋ ಅಂದರು. ಅಷ್ಟೇ ಸಾಕಾಯಿತು. ಹೆಂಗಸರು ಸೆರಗು ಹೊದ್ದು ಕೈಮುಗಿದರು. ಗೋವಿಂದಾ ಗೋವಿಂದ ಎಂದು ಕೂಗು ಎದ್ದಿತು. ರಾಮಣ್ಣ ಬಟ್ಟಲು ಕೆಳಗಿಟ್ಟು ಗಂಟೆ ಹಿಡಿದು ಬಂದ. ಆಶಾರಾಣಿ ರಿಮೋಟಿನ ಎರಡೂ ಕಡ್ಡಿಗಳನ್ನು ಎಳೆದಾಡಿದಳು. ಕಡ್ಡಿ ಯಾವ ಕಡೆ ತಳ್ಳಿದರೂ ಅದು ಕೇಳಲೊಲ್ಲದು. ಮೂರನೇ ಸುತ್ತಿಗೆ ಅದು ಗಂಬದಿಂದ ದೂರ ಸರಿದಾಗ ಎಲ್ಲೋ ದಾರಿ ಸಿಕ್ಕಿ, ಹೇಗೋ ಎಳೆದುಕೊಂಡು ಬಂದು ಇಳಿಸಿದಳು.

"ಮೂರು ಸುತ್ತು, ಸರ್ಯಾಗಿ" ಎಂದು ಒಬ್ಬಾಕೆ ಗಲ್ಲ ಬಡಿದುಕೊಂಡಳು.

ದೇವಯ್ಯ ಮಾತ್ರ ಕೈ ಮುಗಿದಿರಲಿಲ್ಲ. ಹತ್ತಿರ ಬಂದು ಮೆಲ್ಲಗೆ ಕೇಳಿದ. "ಸುತ್ತು ನೀನು ಆಕ್ಸಿದ್ದಾ, ಅದೇ ಆಕ್ತಾ?"

ಅವಳಿಗೆ ಸುಳ್ಳು ಬರಲಿಲ್ಲ. "ಅದೇ ಹಾಕ್ತು ಮಾವ."

"ಅಂಗಾರೆ ಅದು ಅದ್ರ ಭಕ್ತಿ ಕಣವ್ವ. ಚನ್ನಪ್ಪನ ಮನೇದು ಎಲ್ಲೈತೆ?" ದೇವಯ್ಯನ ದನಿಯಲ್ಲಿ ಕುಹಕ ಇರಲಿಲ್ಲ. "ನಮ್ ತಾತ ಹತ್ತಿಸಿದ್ನಲ್ಲ ಆಳು, ಅವನಿಗೆ ಎಲ್ಡು ಕೈ ಇದ್ವು. ಇದಕ್ಕೆ ನಾಕು ರೆಕ್ಕೆ. ಬ್ಯಾರೆ ಏನ್ ವೆತ್ಯಾಸ? ನೀನು ಕೈ ಬಿಟ್ರೂ ನಡೀತದೆ ಅಂದ್ಮ್ಯಾಲೆ ಅದು ನಿನ್ನ ಕೈ ಎಂಗಾಯ್ತದೆ? ನಿಮ್ಮ ಕೈಲಿ ಆಗ್ದಿದ್ರೆ ಏಳಿ. ನನ್ ಮಗ ಸಂಜಯ ಅವನೆ, ಹತ್ತತಾನೆ. ಸೇವೆ ಬಂದ ದಾರೀಲೇ ವಾಪಸ್ ಓಯ್ತದೆ, ಅಷ್ಟೆ."

ದಾರಿಯಲ್ಲಿ ರಜನೀಶ ಸ್ಟೇರಿಂಗ್ ಗುದ್ದಿದ. "ಎಂಥಾ ಹಠಮಾರಿ ಮುದುಕ."

"ಸುಮ್ನಿರಿ" ಅಂದಳು ಆಶಾರಾಣಿ. "ಅವರು ಹೇಳಿದ್ರಲ್ಲಿ ತಪ್ಪೇನಿದೆ?"

ಆ ರಿಮೋಟಿನ ಮೂಲೆಯಲ್ಲಿ ಒಂದು ಸಣ್ಣ ಸ್ವಿಚ್ಚು ಇತ್ತು. ಕೊಂಡಾಗಿನಿಂದ ಇಬ್ಬರೂ ಅದರ ತಂಟೆಗೆ ಹೋಗಿರಲಿಲ್ಲ. ಅದನ್ನು ಕೆಳಕ್ಕೆ ತಳ್ಳಿದರೆ ಉಪಗ್ರಹದ ನಂಟು ಕಡಿಯುತ್ತದೆ. ಎತ್ತರವೊಂದನ್ನು ಡ್ರೋನ್ ಹೆಚ್ಚುಕಡಿಮೆ ಹಿಡಿದುಕೊಳ್ಳುತ್ತದೆ. ಎಡ, ಬಲ, ಹಿಂದೆ, ಮುಂದೆ ಎಲ್ಲಾ ಗಾಳಿ ಒಯ್ದ ಕಡೆ. ಗಾಳಿಗೆ ಎದುರು ನಿಲ್ಲಿಸುವುದು ಹಾರಿಸುವವರ ಹೆಬ್ಬೆರಳುಗಳು ಮಾತ್ರ.

ಮಾರನೇ ದಿನ ಅಪ್ಪನ ಮನೆಯ ಹಿಂದಿನ ಕಣದಲ್ಲಿ ಆ ಸ್ವಿಚ್ಚು ತಳ್ಳಿದಳು. ಆಷಾಢ ಕಳೆದರೂ ಗಾಳಿ ಕಳೆದಿರಲಿಲ್ಲ. ಡ್ರೋನ್ ಎದ್ದದ್ದೇ ತಡ, ಹಗ್ಗ ಬಿಚ್ಚಿದ ಕರುವಿನ ಹಾಗೆ ಓಟ ಕಿತ್ತಿತು. ಅವಳು ಎಡಕ್ಕೆ ಎಳೆದರೆ ಎಡಕ್ಕೆ ಬಂದದ್ದು ನಿಲ್ಲದೆ ಆ ಕಡೆಗೇ ಹೋಯಿತು. ಬಲಕ್ಕೆ ಎಳೆದರೆ ಬಲಕ್ಕೆ. ಎಳೆದಾಟದಲ್ಲಿ ಕಣ ದಾಟಿ, ತೋಟದ ಅಂಚಿನ ತೆಂಗಿನ ಮರವೊಂದರ ಸುಳಿಗೆ ಹೋಗಿ ಸಿಕ್ಕಿಕೊಂಡು ಗರ್ ಎಂದು ಅತ್ತು ಸುಮ್ಮನಾಯಿತು.

ಕಾಯಿ ಕೀಳುವ ಶಿವಯ್ಯನನ್ನು ಕರೆಸಬೇಕಾಯಿತು. ಅವನು ಮರ ಹತ್ತಿ, ಎಡಮಟ್ಟೆಗಳ ಸಂದಿಯಿಂದ ಅದನ್ನು ಬಿಡಿಸುತ್ತಾ ಮೇಲಿಂದಲೇ ಕೂಗಿದ.

"ಅಕ್ಕೋ, ಇದಿನ್ನೂ ಬಲ್ತಿಲ್ಲ ಕಣಕ್ಕ. ಕೀಳಾದಾ, ಇನ್ನೊಂದ್ ತಿಂಗಳು ಬುಡಾದಾ?"

"ಕೀಳೋ ಮಾರಾಯ. ತಿಂಗಳು ಬುಟ್ರೆ ಶ್ರಾವಣವೇ ಕಳೀತದೆ" ಎಂದು ಲಕ್ಕಮ್ಮ ಕೆಳಗಿಂದ ಗದರಿದಳು.

ಒಂದು ರೆಕ್ಕೆ ಮುರಿದಿತ್ತು. ಹೊಸದು ಹಾಕಿದ್ದಾಯಿತು. ಅಂದಿನಿಂದ ಸ್ಟುಡಿಯೋ ರಜನೀಶನ ಪಾಲಾಯಿತು, ಕಣ ಆಶಾರಾಣಿಯ ಪಾಲಾಯಿತು. ಮಧ್ಯಾಹ್ನದ ಬಸ್ಸಿಗೆ ಬಂದವಳು ಕತ್ತಲಾಗುವ ಮುಂಚಿನ ಬಸ್ಸಿಗೆ ಹೋಗುವಳು. ಕಣದ ನಡುವೆ ಒಂದು ಬಿದಿರ ಗಳು ನೆಟ್ಟು, ಅದರ ತುದಿಗೆ ತಾಯಿಯ ಹಿತ್ತಾಳೆ ಚೊಂಬನ್ನು ಬೋರಲು ಹಾಕಿದಳು. ಅದೇ ಕಳಶ. ಬಿದಿರ ಸೀಳನ್ನು ಬಳೆಯಂತೆ ಬಗ್ಗಿಸಿ, ಅದಕ್ಕೆ ತುಳಸಿ ಸುತ್ತಿ, ದಾರದಲ್ಲಿ ಇಳಿಬಿಟ್ಟರೆ ಹಾರ. ಬಳೆ ಚೊಂಬಿನ ಮೇಲೆ ಕೂತು ದಾರ ಸಡಿಲವಾದಾಗ, ಡ್ರೋನನ್ನು ಒಂದು ಗೇಣು ಮುಂದಕ್ಕೆ ತಳ್ಳಬೇಕು. ಆಗ ಕೊಕ್ಕೆ ಜಾರಿ ಬಿಟ್ಟುಕೊಳ್ಳುತ್ತದೆ.

ಹಾರದ ವಿಚಾರದಲ್ಲಿ ತಾಯಿ ಮಗಳಿಗೆ ದಿನಾ ವಾಗ್ವಾದ.

"ಇದು ಆರವಾ? ಕರೂಗೆ ಕಟ್ಟೋ ದಾರ ಇದ್ದಂಗೈತೆ. ದೇವರು ಏನಂದ್ಕತಾನೆ?"

"ಅದಕ್ಕೆ ತೂಕ ತಡೆಯಲ್ಲ ಅಮ್ಮ."

"ನಿಮ್ಮಪ್ಪ ತೋಳ್ ಗಾತ್ರದ್ದು ಒತ್ಕಂಡು ಹತ್ತತಿದ್ರು."

"ಅಪ್ಪನಿಗೆ ಬ್ಯಾಟರಿ ಇರಲಿಲ್ಲ."

ಚನ್ನಪ್ಪನ ಕುರ್ಚಿಯನ್ನು ದಿನಾ ಕಣದ ಅಂಚಿಗೆ ತಂದಿಡುತ್ತಿದ್ದರು. ಅವನಿಗೆ ಡ್ರೋನ್ ಹತ್ತಿರ ಬಂದರೆ ಕಣ್ಣಿಗೆ ಕಷ್ಟ, ದೂರ ಹೋದರೆ ಕಾಣದು. ಹಾಗಾಗಿ ಕಣ್ಣು ಮುಚ್ಚಿಕೊಂಡು ತನ್ನ ಪಾಡಿಗೆ ಪದ್ಯ ಓದಿಕೊಳ್ಳುತ್ತಿದ್ದ. ಮೊದಮೊದಲು ಆಶಾರಾಣಿಗೆ ಸಿಡಿಮಿಡಿ. "ಅಪ್ಪ, ಒಂದ್ ಗಳಿಗೆ ಸುಮ್ನಿರು, ತಲೆ ಕೆಡುತ್ತೆ" ಅನ್ನುವಳು. ಅವನು ಸುಮ್ಮನಾಗುವನು. ಸ್ವಲ್ಪ ಹೊತ್ತಿಗೆ ಮರೆತು ಮತ್ತೆ ಶುರು ಮಾಡುವನು.

ಅವಳ ತಪ್ಪು ಒಂದೇ. ಗಾಳಿ ಬಂದು, ಡ್ರೋನ್ ಸರಿದು, ಸರಿದದ್ದು ಕಣ್ಣಿಗೆ ಬಿದ್ದ ಮೇಲೆ ಅವಳ ಬೆರಳು ಏಳುತ್ತಿತ್ತು. ಅಷ್ಟರಲ್ಲಿ ಕೆಲಸ ಕೆಟ್ಟಿರುತ್ತಿತ್ತು. ಕೆಟ್ಟದ್ದನ್ನು ತಿದ್ದಲು ಜೋರಾಗಿ ಎಳೆದರೆ ಇನ್ನೊಂದು ಕಡೆ ಕೆಡುತ್ತಿತ್ತು. ಚೊಂಬು ದಿನಕ್ಕೆ ಹತ್ತು ಸಲ ಡಣ್ ಎಂದು ಉರುಳುವುದು, ಲಕ್ಕಮ್ಮ ಒಳಗಿಂದ "ಓಯ್ತು ನನ್ನ ಚೊಂಬು" ಅನ್ನುವುದು.

ಎರಡನೇ ವಾರದಲ್ಲಿ ಒಂದು ಸಂಜೆ. ಚನ್ನಪ್ಪ ಒಂದು ಪದ್ಯದ ನಡುವೆ ದನಿ ಎತ್ತಿ ಹಿಡಿದಿದ್ದ. ಅದು ಇನ್ನೇನು ಇಳಿಯಬೇಕು, ಆಶಾರಾಣಿಯ ಮನಸ್ಸು ಅಭ್ಯಾಸದಂತೆ ಆಗಲೇ ಇಳಿದು ಮುಂದಿನ ಸಾಲಿನ ಹೊಸಿಲಲ್ಲಿ ನಿಂತಿತ್ತು. ಅದೇ ಹೊತ್ತಿಗೆ ಪಡುವಣ ತೋಟದ ದೂರದ ಸಾಲಿನಲ್ಲಿ ಗರಿಗಳು ಸರಬರ ಅಂದವು. ಆಮೇಲೆ ಹತ್ತಿರದ ಸಾಲು. ಆಮೇಲೆ ಕಣದ ಅಂಚಿನ ಮರ. ಗಾಳಿ ತಾನು ಬರುವುದನ್ನು ಹೇಳಿಕೊಂಡೇ ಬರುತ್ತಿತ್ತು. ಇಷ್ಟು ದಿನ ಅವಳು ನೋಡುತ್ತಿದ್ದಳೇ ಹೊರತು ಕೇಳುತ್ತಿರಲಿಲ್ಲ. ಅಂಚಿನ ಮರ ಸದ್ದು ಮಾಡುತ್ತಲೇ ಹೆಬ್ಬೆರಳನ್ನು ಕೂದಲೆಳೆಯಷ್ಟು ಪಡುವಣಕ್ಕೆ ಒತ್ತಿದಳು. ಡ್ರೋನ್ ಗಾಳಿಗೆ ಎದೆ ಕೊಟ್ಟು ಒಂದಿಷ್ಟು ಬಾಗಿತು. ಗಾಳಿ ಬಂತು, ಹೋಯಿತು. ಡ್ರೋನ್ ಅಲ್ಲೇ ಇತ್ತು.

ಚನ್ನಪ್ಪ ಪದ್ಯ ನಿಲ್ಲಿಸಿ, "ಯಾಕೆ ಮಗಾ, ಚೊಂಬು ಬೀಳ್ಲಿಲ್ಲ?" ಅಂದ.

"ನೀನು ಓದಪ್ಪ" ಅಂದಳು.

ಬಾಯಲ್ಲಿ ಹೇಳಿದಷ್ಟು ಸುಲಭಕ್ಕೆ ಕೈಗೆ ಬರಲಿಲ್ಲ. ಬೆರಳುಗಳಿಗೆ ಕಿವಿಯ ಮಾತು ಕೇಳುವ ರೂಢಿಯಾಗಲು ಇನ್ನೂ ದಿನಗಳು ಹಿಡಿದವು. ಆದರೆ ಆ ದಿನಗಳಲ್ಲಿ ಅವಳಿಗೊಂದು ಹೊಸ ಸುಖ ಸಿಕ್ಕಿತು. ಮುಂಚೆ ಹಾರಿಸುವಾಗ ಡ್ರೋನ್ ಎಲ್ಲೋ ದೂರ, ತಾನು ಎಲ್ಲೋ ಕೆಳಗೆ. ಈಗ ಅದಕ್ಕೂ ಅವಳಿಗೂ ನಡುವೆ ಒಂದು ಉಸಿರಿನ ನಂಟು. ಒಂದು ಗಳಿಗೆ ಮನಸ್ಸು ಬೇರೆ ಕಡೆ ಹೋದರೆ ಅದೂ ಹೋಗುತ್ತಿತ್ತು. ಜಪಕ್ಕೆ ಕೂತರೂ ಇಷ್ಟು ಹೊತ್ತು ತನ್ನ ಮನಸ್ಸು ಒಂದೇ ಕಡೆ ನಿಂತದ್ದಿಲ್ಲವಲ್ಲ ಎಂದು ಬಸ್ಸಿನಲ್ಲಿ ಕೂತು ಯೋಚಿಸುವಳು.

ಮೂರನೇ ವಾರದಲ್ಲಿ ದೇವಯ್ಯನೇ ಕಣಕ್ಕೆ ಬಂದ. ಯಾರೂ ಕರೆದಿರಲಿಲ್ಲ. ಲಕ್ಕಮ್ಮ ಇನ್ನೊಂದು ಕುರ್ಚಿ ಹಾಕಿ ಕಾಫಿ ತಂದುಕೊಟ್ಟಳು. ಅವನು ಕುಡಿದು, ಚನ್ನಪ್ಪನ ಸೊಂಟದ ವಿಚಾರ ಕೇಳಿ, ಕೊಬ್ಬರಿ ಅಟ್ಟದ ವಿಚಾರ ಮಾತಾಡಿ, ಕೊನೆಗೆ ಗಳುವಿನ ಕಡೆ ಗದ್ದ ತೋರಿಸಿದ.

"ಎಲ್ಲಿ, ಈಗ ಕೈ ಬುಡು ನೋಡಾವ."

ಡ್ರೋನ್ ಗಳುವಿನ ಪಕ್ಕ ನಿಂತಿತ್ತು. ಆಶಾರಾಣಿ ಹೆಬ್ಬೆರಳೆರಡನ್ನೂ ಎತ್ತಿದಳು. ಅದು ಒಂದು ಕ್ಷಣ ಯೋಚಿಸಿದ ಹಾಗೆ ಇದ್ದು, ಮೆಲ್ಲನೆ ಮೂಡಣಕ್ಕೆ ಜಾರಿ, ಆಮೇಲೆ ಭರಭರ ಹೊರಟೇಹೋಯಿತು. ಹುಣಸೆಮರ ಹತ್ತಿರವಾಗುವ ಹೊತ್ತಿಗೆ ಅವಳು ಹಿಡಿದು ತಂದಳು.

ದೇವಯ್ಯ ತಲೆಯಾಡಿಸಿದ. "ಸರಿ. ಇದು ಕೈಯೇ." ಎದ್ದು ಕೋಲು ಹಿಡಿದುಕೊಂಡ. "ಆದ್ರೆ ಒಂದೇ ಆರ ಕಣವ್ವ. ನೆಲಕ್ಕೆ ಬಿದ್ದದ್ದು ದೇವರಿಗಿಲ್ಲ. ಬಿದ್ರೆ ನಮ್ಮ ಸಂಜಯ ಹತ್ತತಾನೆ, ನಮ್ಮನೆ ಆರದಲ್ಲಿ. ಅವನೂ ಉಪಾಸ ಇರ್ತಾನೆ. ಆಮ್ಯಾಕೆ ಬ್ಯಾಜಾರು ಮಾಡ್ಕಬಾರ್ದು."

"ಇಲ್ಲ ಮಾವ" ಅಂದಳು.

"ಮಾಡ್ಕತೀನಿ" ಅಂದ ಚನ್ನಪ್ಪ, ಕುರ್ಚಿಯಿಂದಲೇ. "ಮಾಡ್ಕಂಡ್ರೂ ಸೇವೆ ನಿಂದೇ ಅಂತೀನಿ. ನ್ಯಾಯ ನ್ಯಾಯವೇ."

ಕೊನೇ ಶನಿವಾರ ಬೋರೆಯ ಮೇಲೆ ಕಾಲಿಡಲು ಜಾಗ ಇರಲಿಲ್ಲ. ಹೊಳೆನರಸೀಪುರದ ಕಡೆಯ ಒಕ್ಕಲುಗಳೂ ಬಂದಿದ್ದರು. ಹಿಂದಿನ ಸಲದ ಪ್ರದಕ್ಷಿಣೆಯ ಸುದ್ದಿ ಊರೂರು ಸುತ್ತಿ ಬಂದಿತ್ತು. "ಮೂರು ಸುತ್ತು ಆಕ್ತದಂತೆ, ಕೊನೇಲಿ ತಲೆ ಬಗ್ಗಿಸ್ತದಂತೆ" ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಚನ್ನಪ್ಪನನ್ನು ಶಿವಯ್ಯ ಮತ್ತು ರಜನೀಶ ಕುರ್ಚಿ ಸಮೇತ ಎತ್ತಿಕೊಂಡು ಬಂದು ಗುಡಿಯ ಮೆಟ್ಟಿಲ ಬಳಿ ಇಳಿಸಿದರು. ಗಂಬದ ಬುಡದಲ್ಲಿ ದೇವಯ್ಯನ ಮಗ ಸಂಜಯ ಕಚ್ಚೆ ಬಿಗಿದು, ರುಮಾಲು ಸುತ್ತಿ ತಯಾರಾಗಿ ನಿಂತಿದ್ದ. ಆಶಾರಾಣಿಯನ್ನು ನೋಡಿ ನಕ್ಕ.

"ಅಕ್ಕ, ಯಾವ್ದಾದ್ರೂ ಒಂದು ಬ್ಯಾಗ ಆಗ್ಲಿ. ಬೆಳಗ್ಗಿಂದ ಒಂದ್ ಲೋಟ ಕಾಫಿನೂ ಇಲ್ಲ."

"ನಾನೂ ಕುಡಿದಿಲ್ಲ ಕಣೋ" ಅಂದಳು.

ಸ್ವಿಚ್ಚು ಕೆಳಕ್ಕೆ ತಳ್ಳಿ, ನಿಂತು, ಕಿವಿಗೊಟ್ಟಳು. ಬೋರೆಯ ಮೇಲೆ ತೆಂಗಿನ ಮರ ಎಲ್ಲಿದೆ? ಬಂಡೆಗೆ ಗಾಳಿ ಬರುವುದು ಗೊತ್ತಾದರೂ ಅದು ಯಾರಿಗೂ ಹೇಳುವುದಿಲ್ಲ. ಮೇಲಾಗಿ ತಮಟೆ, ಗಂಟೆ, ಗೋವಿಂದ. ಜನ ಎಲ್ಲಾ ಗುಡಿಗೆ ಎದುರಾಗಿ ಗಂಬದ ಮೂಡಣಕ್ಕೆ ನೆರೆದಿದ್ದರು. ಗಾಳಿ ಬರುತ್ತಿದ್ದದ್ದು ಗಂಬದ ಆ ಕಡೆಯಿಂದ, ಪಡುವಣದಿಂದ. ಮೂರು ವಾರ ಕಲಿತದ್ದು ಒಂದು ಗಳಿಗೆಯಲ್ಲಿ ಬರಿದಾದಂತೆ ಕಂಡಿತು.

ಆಗ ಬೀಸಿದ ಒಂದು ಗಾಳಿಗೆ ಪಕ್ಕದಲ್ಲಿದ್ದ ತಾಯಿಯ ಸೆರಗು ಪಟಪಟ ಎಂದಿತು.

ಆಶಾರಾಣಿ ದೇವಯ್ಯನ ಹತ್ತಿರ ಹೋದಳು. "ಮಾವ, ಒಂದು ಕೇಳ್ತೀನಿ. ಎಲ್ಲಾರನ್ನೂ ಗಂಬದಿಂದ ಆ ಕಡೆ, ಪಡುವಣಕ್ಕೆ ನಿಲ್ಲಿಸ್ತೀರಾ? ಒಂದು ಸ್ವಲ್ಪ ಹೊತ್ತು ತಮಟೆ ನಿಲ್ಲಿಸಬೇಕು. ಗೋವಿಂದ ಕೂಡ ಮನಸ್ಸಲ್ಲೇ ಅನ್ನಲಿ."

"ಯಾಕವ್ವ?"

"ಗಾಳಿ ಮೊದಲು ನಿಮಗೆ ತಗುಲಬೇಕು. ನಿಮ್ಮ ಬಟ್ಟೆ ಸದ್ದು ನಂಗೆ ಕೇಳಬೇಕು. ಅಷ್ಟೇ ನಂಗಿರೋ ದಾರಿ."

ದೇವಯ್ಯ ಅವಳ ಮುಖ ನೋಡಿದ. ಸೇವೆ ತನ್ನ ಮನೆ ಬಾಗಿಲಿಗೆ ಬಂದು ನಿಂತಿದೆ. ಸುಮ್ಮನೆ ಆಗಲ್ಲ ಅಂದರೂ ಸಾಕು, ಕಟ್ಟು ಮುರಿದ ಹಾಗಾಗುತ್ತಿರಲಿಲ್ಲ. ಅವನು ಕೋಲನ್ನು ಬಂಡೆಗೆ ಎರಡು ಸಲ ಕುಟ್ಟಿದ.

"ಏಳ್ರಪ್ಪ, ಎಲ್ಲಾ ಈ ಕಡೀಕ್ ಬನ್ನಿ. ತಮಟೆ ನಿಲ್ಸಲಾ. ಹೆಂಗಸ್ರು ಮುಂದೆ ನಿಂತ್ಕಳಿ, ಸೆರಗು ಸಿಕ್ಕಿಸ್ಕಬ್ಯಾಡಿ, ಇಳಿಬುಡಿ. ಗಂಡಸ್ರು ಟವಲ್ನ ಹೆಗಲ ಮ್ಯಾಲೆ ಬುಡಿ. ಬಾಯಿ ಮಾತ್ರ ಮುಚ್ಕಳಿ." ಆಮೇಲೆ ತಾನೇ ಹೋಗಿ ಎಲ್ಲರಿಗಿಂತ ಮುಂದೆ ನಿಂತು, ತನ್ನ ಜರಿ ಶಲ್ಯವನ್ನು ಹೆಗಲಿಂದ ಉದ್ದಕ್ಕೆ ಇಳಿಬಿಟ್ಟ.

ಅಷ್ಟು ಜನ ಅಷ್ಟು ಸುಮ್ಮನಿದ್ದದ್ದನ್ನು ಆ ಬೋರೆ ಕಂಡಿರಲಾರದು. ರಜನೀಶ ಬಾಳೆಲೆ ಬಿಚ್ಚಿ ಹಾರವನ್ನು ಆಶಾರಾಣಿಯ ಕೈಗೆ ಕೊಟ್ಟ. ಅವಳೇ ಕಣ್ಣಿಗೊತ್ತಿಕೊಂಡು ಕೊಕ್ಕೆಗೆ ಸಿಕ್ಕಿಸಿದಳು. ಡ್ರೋನ್ ಎದ್ದಿತು. ತುಳಸಿಯ ಬಳೆ ಅದರ ಕೆಳಗೆ ತೂಗಾಡುತ್ತಾ ಗಂಬದ ಮೈಗುಂಟ ಮೇಲೇರಿತು.

ಕಬ್ಬಿಣದ ಪಟ್ಟಿಗಳು ಬಂದವು. ಅದು ಸುತ್ತಲಿಲ್ಲ. ಸುತ್ತಲು ಅದಕ್ಕೆ ಈಗ ಉಪಗ್ರಹದ ಮಾತೇ ಇರಲಿಲ್ಲ. ಮೇಲೆ ಕಳಶ, ಅದರ ಮೇಲೆ ಒಂದು ಮೊಳ ಎತ್ತರದಲ್ಲಿ ಬಳೆ. ಆಶಾರಾಣಿ ಉಸಿರು ಬಿಗಿ ಹಿಡಿಯಲಿಲ್ಲ. ಅಪ್ಪ ಉದ್ದ ಸಾಲು ಹಿಡಿದಾಗ ಹೇಗೆ ಸಣ್ಣಗೆ ಬಿಡುತ್ತಾನೋ ಹಾಗೆ ಬಿಡುತ್ತಾ ಇಳಿಸತೊಡಗಿದಳು.

ಹಿಂದಿನ ಸಾಲಿನಲ್ಲಿ ಯಾರದೋ ಪಂಚೆ ಫಟ್ ಎಂದಿತು. ನಡುವೆ ಟವೆಲುಗಳು. ಆಮೇಲೆ ಸೆರಗುಗಳು, ಹಕ್ಕಿ ಹಿಂಡು ಎದ್ದ ಹಾಗೆ. ಕೊನೆಗೆ ದೇವಯ್ಯನ ಶಲ್ಯ. ಹೆಬ್ಬೆರಳು ತಾನಾಗಿ ಪಡುವಣಕ್ಕೆ ವಾಲಿತು. ಗಾಳಿ ಬಂದು ಗಂಬವನ್ನು ಸವರಿಕೊಂಡು ಹೋಯಿತು. ಡ್ರೋನ್ ಒಮ್ಮೆ ಬಾಗಿ ಎದ್ದಿತು. ಬಳೆ ಗಿರಕಿ ಹೊಡೆದು ಕಳಶದ ಮೂಗಿಗೆ ತಾಗಿ ಹೊರಕ್ಕೆ ಜಾರಿತು. ಯಾರೋ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದ ಸದ್ದು ಕೂಡ ಕೇಳಿಸಿತು.

ಅವಳು ಎಳೆಯಲಿಲ್ಲ. ಹಾಗೇ ಬಿಟ್ಟಳು. ತೂಗಾಟ ತಾನಾಗಿ ಸಣ್ಣದಾಗುವವರೆಗೆ ಕಾದಳು. ಮತ್ತೆ ಸೆರಗುಗಳು ಎದ್ದವು, ಮತ್ತೆ ಬೆರಳು ವಾಲಿತು, ಮತ್ತೆ ಗಾಳಿ ಹೋಯಿತು. ಅದರ ಹಿಂದೆಯೇ ಒಂದು ನಿಶ್ಶಬ್ದ ಬಂತು, ಒಂದು ಬಟ್ಟೆಯೂ ಅಲುಗದ ನಿಶ್ಶಬ್ದ. ಅಲ್ಲಿ ಇಳಿಸಿದಳು. ಬಳೆ ಕಳಶದ ಮೂಗನ್ನು ದಾಟಿ, ಕೊರಳಿಗೆ ಜಾರಿ, ಕೂತಿತು. ದಾರ ಸಡಿಲವಾಯಿತು. ಒಂದು ಗೇಣು ಮುಂದಕ್ಕೆ. ಕೊಕ್ಕೆ ಬರಿದಾಗಿ ಹೊರಬಂತು.

ಇನ್ನು ಬೋರೆಯನ್ನು ಹಿಡಿಯುವವರಿಲ್ಲ. ತಮಟೆಯವರು ಯಾರ ಅಪ್ಪಣೆಗೂ ಕಾಯಲಿಲ್ಲ. ಗೋವಿಂದ ಎಂಬ ಕೂಗು ಬಂಡೆಯಿಂದ ಬಂಡೆಗೆ ಬಡಿಯಿತು. ಸಂಜಯ ರುಮಾಲು ಬಿಚ್ಚಿ ಮುಖ ಒರೆಸಿಕೊಂಡು, "ಸದ್ಯ, ಊಟಕ್ಕೆ ದಾರಿ ಆಯ್ತು" ಅಂದ. ಚನ್ನಪ್ಪ ಕುರ್ಚಿಯಲ್ಲೇ ಎರಡೂ ಕೈ ತಲೆಯ ಮೇಲೆ ಜೋಡಿಸಿದ. ಎಲ್ಲರ ಕೈಗಳೂ ಹಾಗೇ ಎದ್ದಿದ್ದವು.

ಆಶಾರಾಣಿಯೊಬ್ಬಳ ಕೈ ಮಾತ್ರ ಏಳಲಿಲ್ಲ. ಡ್ರೋನ್ ಇನ್ನೂ ಮೇಲೆಯೇ ಇತ್ತು. ಹೆಬ್ಬೆರಳು ಎತ್ತಿದರೆ ಅದು ಮೂಡಣದ ಹೊಲಗಳ ಪಾಲು. ಕೈ ಮುಗಿಯಬೇಕೆಂದು ಮೈಯೆಲ್ಲಾ ಹಂಬಲಿಸುತ್ತಿತ್ತು, ಕಣ್ಣು ತುಂಬಿ ಬರುತ್ತಿತ್ತು. ಕಣ್ಣು ತುಂಬಿಸಿಕೊಳ್ಳಲೂ ಆಗದು, ಮೇಲಿನದು ಕಾಣಬೇಕಲ್ಲ. ಗಂಬಕ್ಕೆ ಹಾರ ಹಾಕಿದವರ ತಲೆಗೆ ದೇವರ ವಸ್ತ್ರ ಕಟ್ಟುವುದು ಪದ್ಧತಿ. ಪೂಜಾರಿ ರಾಮಣ್ಣ ವಸ್ತ್ರ ಹಿಡಿದು ಬಂದವನು ಚನ್ನಪ್ಪನ ಮುಂದೆ ನಿಂತ. ಚನ್ನಪ್ಪ ತಲೆ ಅಲ್ಲಾಡಿಸಿ ಮಗಳನ್ನು ತೋರಿಸಿದ. ರಾಮಣ್ಣ ಇವಳ ಮುಂದೆ ಬಂದು, "ತಲೆ ಬಗ್ಗಿಸವ್ವ" ಅಂದ.

"ಬಗ್ಗಿಸಕ್ಕಾಗಲ್ಲ ರಾಮಣ್ಣ, ಇನ್ನೂ ಇಳಿದಿಲ್ಲ ಅದು" ಅಂದಳು, ಕಣ್ಣು ಮೇಲೆ ಇಟ್ಟುಕೊಂಡೇ. "ಕೈ ಕೂಡ ಮುಗಿಯಕ್ಕಾಗ್ತಿಲ್ಲ."

ಪಕ್ಕಕ್ಕೆ ಬಂದಿದ್ದ ದೇವಯ್ಯ ನಕ್ಕ. "ನೀನು ಮುಗೀಬ್ಯಾಡ ಕಣವ್ವ. ಇಷ್ಟೊತ್ತು ಮಾಡ್ದೆ ಅಲ್ವಾ, ಅದೇ ಕೈ ಮುಗಿದಂಗೆ. ಇಲ್ಲಿ ಕೊಡಪ್ಪ ರಾಮಣ್ಣ."

ಪೂಜಾರಿಯ ಕೈಯಿಂದ ವಸ್ತ್ರ ಇಸಿದುಕೊಂಡು, ಅವಳ ಹಿಂದೆ ನಿಂತು, ಅವಳ ಕಣ್ಣಿಗೆ ಅಡ್ಡ ಬರದಂತೆ ಅದನ್ನು ಹಣೆಯ ಮೇಲಿನಿಂದ ಹಿಂದಕ್ಕೆ ತಂದು ಕಟ್ಟಿದ. ತುಳಸಿಯ, ಕರ್ಪೂರದ ವಾಸನೆ ಮೂಗಿಗೆ ಬಂತು. ಅವಳು ಗಾಳಿಗೆ ಕಿವಿಗೊಟ್ಟು ಡ್ರೋನನ್ನು ಗೇಣುಗೇಣಾಗಿ ಇಳಿಸುತ್ತಾ ಬಂದಳು. ಗಂಟು ಬಿಗಿಯಾಗುವುದಕ್ಕೂ ಅದು ಬಂಡೆಯ ಮೇಲೆ ಕಾಲೂರುವುದಕ್ಕೂ ಸರಿಹೋಯಿತು. ರೆಕ್ಕೆಗಳು ನಿಂತವು. ಬೆರಳುಗಳನ್ನು ಕಡ್ಡಿಗಳಿಂದ ಬಿಡಿಸಿ ನೋಡಿಕೊಂಡಳು, ಎರಡು ಹೆಬ್ಬೆರಳ ತುದಿಯಲ್ಲೂ ಕೆಂಪಗೆ ಒಂದೊಂದು ಗುಂಡನೆಯ ಗುರುತು.

"ನಡೀರಿ" ಅಂದಳು ಲಕ್ಕಮ್ಮ, ಸೆರಗಿನಲ್ಲಿ ಕಣ್ಣೊರೆಸಿಕೊಂಡು. "ಸಂಜಯನ್ನ ಮೊದ್ಲು ಕೂರಿಸ್ರಪ್ಪ, ಎಲೆ ಆಕಿ. ಹುಡುಗ ಹಸ್ದು ಕೆಟ್ಟವ್ನೆ."